ಅರ್ಧಕ್ಕೆ ನಿಂತ ಅಪ್‌ಡೇಟ್

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವ ಮಕ್ಕಳಿಗೆ ಈ ಸಂಕಟ ಗೊತ್ತು. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ಬಂದಿರುತ್ತದೆ, ಹಳೆಯ ಬ್ಯಾಟರಿ ಕೈಕೊಡುತ್ತದೆ. ಮತ್ತೆ ಆನ್ ಮಾಡಿದರೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ.

ಅಪ್‌ಡೇಟೇ ಬೇಡ ಎನ್ನಲಾರೆ. ಕಳ್ಳರು ನುಸುಳುವ ಕಂಡಿ ಮುಚ್ಚುವುದು ಅದೇ. ಆದರೆ ಅದೂ ತಪ್ಪಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದೇ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಜನ ಸಾಲುಗಟ್ಟಿ ಕಾದರು. ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬರು ಕೂತು, ಸೇಫ್ ಮೋಡ್‌ನಲ್ಲಿ ಆ ಅಪ್‌ಡೇಟ್‌ನ ದೋಷದ ಫೈಲನ್ನು ಅಳಿಸಬೇಕಾಯಿತು.

ಹೀಗೆ ಅಪ್‌ಡೇಟ್ ಅರ್ಧಕ್ಕೆ ನಿಂತೋ ಕೆಟ್ಟೋ ಲ್ಯಾಪ್‌ಟಾಪ್ ಏಳಲಿಲ್ಲವೆಂದ ಮಾತ್ರಕ್ಕೆ ಒಳಗಿನ ಫೋಟೊ, ತೋಟದ ಲೆಕ್ಕ ಹೋಯಿತೆಂದಲ್ಲ. ಸಾಮಾನ್ಯವಾಗಿ ಅವು ಡಿಸ್ಕಿನಲ್ಲೇ ಇರುತ್ತವೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ ಹೊರತೆಗೆಯಬಹುದು. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ ಮಾತ್ರ 48 ಅಂಕಿಯ ಕೀಲಿ ಬೇಕು. ದಯವಿಟ್ಟು ಅದನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ. ರಿಪೇರಿಯವರು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದಾಗ ಹೂಂ ಅನ್ನುವ ಮೊದಲು, ಒಳಗಿರುವುದನ್ನು ತೆಗೆದುಕೊಡಿ ಅನ್ನಿ.