ಇಪ್ಪತ್ನಾಲ್ಕು ಮೈಲಿಯ ಚೌಕ

ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟು ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ನೋಡಿದರೆ, ಅದರ ಮಧ್ಯಬಿಂದು ಕ್ಯಾನ್ಸಸ್ ರಾಜ್ಯದ ಲೆಬನನ್ ಎಂಬ ಸಣ್ಣ ಊರಿನ ಬಳಿ ಬೀಳುತ್ತದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಸಾಗಿ ರಾಜ್ಯದ ಗಡಿಯನ್ನು ದಾಟಿದರೆ ಸಿಗುವುದು ನೆಬ್ರಾಸ್ಕ ರಾಜ್ಯದ ವೆಬ್‌ಸ್ಟರ್ ಕೌಂಟಿ. ಕೌಂಟಿ ಎಂಬುದು ಹೆಚ್ಚುಕಡಿಮೆ ನಮ್ಮ ತಾಲ್ಲೂಕನ್ನು ಹೋಲುವ ಆಡಳಿತ ವಿಭಾಗ. ನೆಬ್ರಾಸ್ಕದಲ್ಲಿ ಅಂಥವು 93 ಇವೆ. ಅವುಗಳಲ್ಲಿ ಈ ಒಂದನ್ನೇ ಇಂದಿನ ಮಾತಿಗೆ ಆರಿಸಿಕೊಳ್ಳಲು ಕಾರಣವಿದೆ. ಒಂದು ನಾಡಿನ ನೆಲವೂ ಜನಸಂಖ್ಯೆಯೂ ಹೇಗೆ ಹೆಣೆದುಕೊಂಡಿರುತ್ತವೆ, ಜನಗಣತಿಯ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಮೊದಲು ಭೂಗೋಳ. ಈ ಕೌಂಟಿ ಪೂರ್ವಪಶ್ಚಿಮವಾಗಿ 24 ಮೈಲಿ, ದಕ್ಷಿಣೋತ್ತರವಾಗಿ 24 ಮೈಲಿ ಇರುವ ಒಂದು ಚೌಕ. ವಿಸ್ತೀರ್ಣ ಸುಮಾರು 575 ಚದರ ಮೈಲಿ. ಅದರ ದಕ್ಷಿಣದ ಎಲ್ಲೆ ಬೆಟ್ಟವೂ ಅಲ್ಲ, ಹೊಳೆಯೂ ಅಲ್ಲ; 40ನೆಯ ಉತ್ತರ ಅಕ್ಷಾಂಶ. ದಕ್ಷಿಣ ಭಾಗದಲ್ಲಿ ರಿಪಬ್ಲಿಕನ್ ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಉತ್ತರದ ನೀರು ಲಿಟಲ್ ಬ್ಲೂ ನದಿಯತ್ತ ಇಳಿಯುತ್ತದೆ. ಈ ಎರಡು ಹೊಳೆಗಳ ನಡುವಿನ ಎತ್ತರದ ಬಯಲನ್ನು ಅಲ್ಲಿಯವರು 'ಡಿವೈಡ್' ಎಂದು ಕರೆಯುತ್ತಾರೆ. ಗಾಳಿ ಹೊತ್ತು ತಂದು ಹರಡಿದ ನುಣುಪಾದ ಮೆಕ್ಕಲು ಮಣ್ಣು ಅಲ್ಲಿಯದು. ಫಲವತ್ತಾದದ್ದು, ಆದರೆ ಮಳೆಯನ್ನೇ ನಂಬಿರುವಂಥದು. ಮಳೆ ವರ್ಷಕ್ಕೆ 25 ಅಂಗುಲದ ಆಸುಪಾಸು. 98ನೆಯ ಪಶ್ಚಿಮ ರೇಖಾಂಶದ ಸುತ್ತಿನಲ್ಲಿ ಪೂರ್ವದ ತೇವದ ನಾಡು ಮುಗಿದು ಪಶ್ಚಿಮದ ಒಣನಾಡು ಮೊದಲಾಗುತ್ತದೆಂದು ಇತಿಹಾಸಕಾರ ವಾಲ್ಟರ್ ಪ್ರೆಸ್ಕಾಟ್ ವೆಬ್ 1931ರಲ್ಲಿ ಪ್ರತಿಪಾದಿಸಿದರು. ವೆಬ್‌ಸ್ಟರ್ ಕೌಂಟಿ ಇರುವುದು ಸರಿಯಾಗಿ ಆ ಅಂಚಿನಲ್ಲಿ. ಒಳ್ಳೆಯ ವರ್ಷದಲ್ಲಿ ಅದು ಪೂರ್ವಕ್ಕೆ ಸೇರಿದಂತೆ ಬೆಳೆಯುತ್ತದೆ. ಕೆಟ್ಟ ವರ್ಷದಲ್ಲಿ ಪಶ್ಚಿಮಕ್ಕೆ ಸೇರಿದಂತೆ ಒಣಗುತ್ತದೆ.

ಹಾಗಾದರೆ ನೆಲ ಚೌಕವಾದದ್ದು ಹೇಗೆ? 1785ರ ಭೂಶಾಸನ ಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ 'ಟೌನ್‌ಶಿಪ್'ಗಳಾಗಿ ಅಳೆಯಬೇಕೆಂದು ವಿಧಿಸಿತು. ಒಂದೊಂದು ಟೌನ್‌ಶಿಪ್ಪಿನಲ್ಲಿ ಒಂದು ಚದರ ಮೈಲಿಯ, ಎಂದರೆ 640 ಎಕರೆಯ, 36 ತುಂಡುಗಳು. ಅಂಥ ಹದಿನಾರು ಟೌನ್‌ಶಿಪ್‌ಗಳನ್ನು ನಾಲ್ಕು ಸಾಲಾಗಿ ಜೋಡಿಸಿದರೆ ವೆಬ್‌ಸ್ಟರ್ ಕೌಂಟಿಯಾಗುತ್ತದೆ. 1862ರ ಹೋಮ್‌ಸ್ಟೆಡ್ ಕಾಯಿದೆ ಒಂದು ತುಂಡಿನ ಕಾಲು ಭಾಗವನ್ನು, 160 ಎಕರೆಯನ್ನು, ಐದು ವರ್ಷ ಅಲ್ಲಿ ನೆಲೆಸಿ ಉತ್ತವನಿಗೆ ಕೊಡುವೆನೆಂದಿತು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ನೆಲವನ್ನೆಲ್ಲ ಹೀಗೆಯೇ ಹಂಚಿದ್ದರೂ ಚದರ ಮೈಲಿಗೆ ನಾಲ್ಕೇ ಒಕ್ಕಲು. ಇಡೀ ಕೌಂಟಿಗೆ ಸುಮಾರು 2,300 ಒಕ್ಕಲು. ಅಲ್ಲಿ ಜನ ತೀರ ದಟ್ಟವಾಗಿ ನೆಲಸದಂತೆ ಅಳತೆಯ ಸರಪಳಿಯೇ ಮೊದಲು ನಿರ್ಣಯಿಸಿಬಿಟ್ಟಿತ್ತು.

ಆದರೂ ಜನ ಬಂದರು. 1870ರ ಸುಮಾರಿಗೆ ಮೊದಲ ಬಿಡಾರಗಳೆದ್ದವು. ಬಳಿಕ ರೈಲು ಬಂತು. ಬೊಹಿಮಿಯದ ಚೆಕ್ಕರು, ಜರ್ಮನರು, ಸ್ವೀಡಿಷರು, ಡೇನರು, ವರ್ಜೀನಿಯದಿಂದ ಹೊರಟ ಅಮೆರಿಕನ್ನರು ಒಬ್ಬರ ಪಕ್ಕದಲ್ಲಿ ಒಬ್ಬರು ಒಕ್ಕಲು ಹೂಡಿದರು. ಮರ ಕಾಣದ ಬಯಲಿನಲ್ಲಿ ಹುಲ್ಲಿನ ಬೇರು ಬಿಗಿದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕಡಿದು, ಒಟ್ಟಿ, ಮನೆ ಕಟ್ಟಿಕೊಂಡರು. 1880ರ ಜನಗಣತಿಯ ವೇಳೆಗೆ ಜನಸಂಖ್ಯೆ ಸುಮಾರು 7,000, 1890ಕ್ಕೆ 11,000ವನ್ನು ಮೀರಿತು, 1910ರಲ್ಲಿ 12,008. ಅದೇ ಶಿಖರ. ಅಲ್ಲಿಂದ ಮುಂದೆ ಇಳಿಜಾರು. 2010ರಲ್ಲಿ 3,812, 2020ರಲ್ಲಿ 3,395. ಚದರ ಮೈಲಿಗೆ ಇಪ್ಪತ್ತೊಂದು ಜನರಿದ್ದಲ್ಲಿ ಈಗ ಆರು ಜನ. ಮುಖ್ಯ ಪಟ್ಟಣವಾದ ರೆಡ್ ಕ್ಲೌಡ್‌ನ ಜನಸಂಖ್ಯೆಯೂ 2020ರಲ್ಲಿ ಸಾವಿರಕ್ಕಿಂತ ಕೆಳಗಿಳಿದಿತ್ತು. ಬ್ಲೂ ಹಿಲ್, ಗೈಡ್ ರಾಕ್, ಬ್ಲೇಡನ್ ಮುಂತಾದವು ಅದಕ್ಕಿಂತಲೂ ಸಣ್ಣವು.

ಈ ಇಳಿಕೆಗೆ ಬರಗಾಲವೇ ಕಾರಣವೆಂದು ಹೇಳುವುದು ಸುಲಭ. 1890ರ ದಶಕದ ಅನಾವೃಷ್ಟಿಯೂ 1930ರ ದಶಕದ ಧೂಳು ಮತ್ತು ಆರ್ಥಿಕ ಮುಗ್ಗಟ್ಟೂ ಅನೇಕ ಒಕ್ಕಲುಗಳನ್ನು ಎಬ್ಬಿಸಿದ್ದುಂಟು. ಆ ಬರದ ನಡುವೆಯೇ, 1935ರ ಮೇ ಕೊನೆಯಲ್ಲಿ, ರಿಪಬ್ಲಿಕನ್ ನದಿ ಉಕ್ಕಿ ಕಣಿವೆಯುದ್ದಕ್ಕೂ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅನಂತರ ಮೇಲ್ಗಡೆಯ ಹಾರ್ಲನ್ ಕೌಂಟಿಯಲ್ಲಿ ಅಣೆಕಟ್ಟು ಕಟ್ಟಿ 1952ರಲ್ಲಿ ಮುಗಿಸಿದರು, ನೀರಾವರಿ ಬಂತು. ನದಿಯ ನೀರಿಗಾಗಿ ಕೊಲೊರಾಡೊ, ನೆಬ್ರಾಸ್ಕ, ಕ್ಯಾನ್ಸಸ್‌ಗಳ ನಡುವೆ 1943ರಲ್ಲಿ ಒಪ್ಪಂದವಾಗಿತ್ತು; 1998ರಲ್ಲಿ ಕ್ಯಾನ್ಸಸ್ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ವ್ಯಾಜ್ಯದ ಸ್ವರೂಪವನ್ನು ಕನ್ನಡ ಕೇಳುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಆದರೆ ಗಮನಿಸಬೇಕಾದದ್ದು ಇದು: ನೀರು ಬಂದ ಮೇಲೂ, ಬೆಳೆ ಹೆಚ್ಚಿದ ಮೇಲೂ ಜನ ಕಡಿಮೆಯಾಗುತ್ತಲೇ ಹೋದರು. ಮೆಕ್ಕೆಜೋಳ, ಗೋಧಿ, ಸೋಯಾ ಬೆಳೆಯುತ್ತವೆ, ದನಗಳು ಕೊಬ್ಬುತ್ತವೆ. ಕುದುರೆ ಹೂಡಿ ಹಲವು ಮನೆಯವರು ಮಾಡುತ್ತಿದ್ದ ಉಳುಮೆಯನ್ನು ಇಂದು ಯಂತ್ರದ ಮೇಲೆ ಕುಳಿತ ಒಬ್ಬನೇ ಮುಗಿಸುತ್ತಾನೆ. ಒಬ್ಬ ಒಕ್ಕಲಿಗ ಹೊಲ ಮಾರಿದರೆ ಕೊಳ್ಳುವವನು ನೆರೆಯ ಒಕ್ಕಲಿಗ. ಅವನಿಗೆ ಬೇಕಾದದ್ದು ಹೊಲ, ಮನೆಯಲ್ಲ. ಮನೆ ಪಾಳು ಬೀಳುತ್ತದೆ. ಆ ಮನೆಯ ಮಕ್ಕಳಿಲ್ಲದೆ ಶಾಲೆ ಸೊರಗುತ್ತದೆ. ಅಂಗಡಿ ಬಾಗಿಲು ಹಾಕುತ್ತದೆ. ಓದಲು ಪೇಟೆಗೆ ಹೋದ ಹುಡುಗ ಹಿಂದಿರುಗಿ ಬರುವುದಕ್ಕೆ ಕೆಲಸವಿರುವುದಿಲ್ಲ. ಇಲ್ಲಿ ಊರನ್ನು ಬರಿದು ಮಾಡಿದ್ದು ಬೇಸಾಯದ ಸೋಲಿಗಿಂತ ಹೆಚ್ಚಾಗಿ ಅದರ ಗೆಲುವು.

ಇನ್ನು, ಸಾಹಿತ್ಯದ ಅಧ್ಯಾಪಕನಿಗೆ ಈ ಭೂಗೋಳದ ಉಸಾಬರಿ ಏಕೆಂದು ಯಾರಾದರೂ ಕೇಳಿದರೆ ಉತ್ತರ ಒಂದು ಹೆಸರಿನಲ್ಲಿದೆ: ವಿಲ್ಲಾ ಕ್ಯಾಥರ್. 1883ರಲ್ಲಿ, ಒಂಬತ್ತು ವರ್ಷದ ಬಾಲಕಿಯಾಗಿ, ಆಕೆ ವರ್ಜೀನಿಯದಿಂದ ಈ ಡಿವೈಡಿಗೆ ಬಂದರು. ರೆಡ್ ಕ್ಲೌಡ್‌ನಲ್ಲಿ ಬೆಳೆದರು. 1890ರಲ್ಲಿ ಓದಲೆಂದು ಲಿಂಕನ್ ನಗರಕ್ಕೆ ಹೊರಟುಹೋದರು. ಜನಸಂಖ್ಯೆ ಏರುತ್ತಿದ್ದ ವರ್ಷಗಳವು. 1913ರ 'ಓ ಪಯೊನೀರ್ಸ್', 1918ರ 'ಮೈ ಆಂಟೊನಿಯಾ' ಕಾದಂಬರಿಗಳು ಆ ನೆನಪಿನಿಂದ ಹುಟ್ಟಿದವು. ಆಂಟೊನಿಯಾಳ ಪಾತ್ರಕ್ಕೆ ಮೂಲವಾದ ಆನಾ ಪಾವೆಲ್ಕ ಇದೇ ಕೌಂಟಿಯಲ್ಲಿ ಬಾಳಿ 1955ರಲ್ಲಿ ತೀರಿಕೊಂಡ ಬೊಹಿಮಿಯದ ಹೆಣ್ಣುಮಗಳು. ಜನಗಣತಿಯ ಪುಸ್ತಕದಲ್ಲಿ ಒಂದು ಅಂಕೆಯಾಗಿದ್ದವಳು ಕಾದಂಬರಿಯಲ್ಲಿ ಹೆಸರಾದಳು, ದನಿಯಾದಳು.

ಆದರೆ ಸಾಹಿತ್ಯವೂ ಎಲ್ಲರನ್ನೂ ಎಣಿಸಲಿಲ್ಲ. ಈ ಕಣಿವೆ ಪಾನಿ ಜನಾಂಗದವರದಾಗಿತ್ತು. ಮಣ್ಣು ಹೊದಿಸಿದ ದುಂಡು ಮನೆಗಳಲ್ಲಿದ್ದು ಜೋಳ, ಹುರುಳಿಕಾಯಿ, ಕುಂಬಳ ಬೆಳೆದು, ವರ್ಷಕ್ಕೆರಡು ಸಲ ಕಾಡೆಮ್ಮೆಯ ಬೇಟೆಗೆ ಹೋಗುತ್ತಿದ್ದವರು ಅವರು. ನದಿಗೆ ಹೆಸರು ಬಂದದ್ದೂ ಅವರ ಒಂದು ಶಾಖೆಯಿಂದಲೇ. 1806ರಲ್ಲಿ ಸೈನ್ಯಾಧಿಕಾರಿ ಜೆಬುಲನ್ ಪೈಕ್ ಇಲ್ಲಿಯ ಅವರ ಹಳ್ಳಿಗೆ ಬಂದು, ಸ್ಪೇನಿನ ಬಾವುಟವನ್ನು ಇಳಿಸಿ ಅಮೆರಿಕದ ಬಾವುಟವನ್ನು ಏರಿಸಬೇಕೆಂದು ಕೇಳಿದ. ಗೈಡ್ ರಾಕ್ ಬಳಿಯ ಗುಡ್ಡ ಅವರ ಪುಣ್ಯಸ್ಥಳ. 1833ರ ಒಪ್ಪಂದದಲ್ಲಿ ಪ್ಲಾಟ್ ನದಿಯ ದಕ್ಷಿಣದ ನೆಲವನ್ನು ಅವರು ಬಿಟ್ಟುಕೊಡಬೇಕಾಯಿತು. 1870ರ ದಶಕದಲ್ಲಿ ನೆಬ್ರಾಸ್ಕವನ್ನೇ ತೊರೆದು ಇಂದಿನ ಒಕ್ಲಹೋಮಕ್ಕೆ ಹೋದರು. ಪಟ್ಟಣಕ್ಕೆ ಇಟ್ಟ ರೆಡ್ ಕ್ಲೌಡ್ ಎಂಬ ಹೆಸರೋ, ಪಾನಿಗಳ ವೈರಿಗಳಾಗಿದ್ದ ಲಕೋಟ ಜನರ ನಾಯಕನದು! ಕೌಂಟಿಯ ಜನಸಂಖ್ಯೆಯ ಪಟ್ಟಿ ಮೊದಲಾಗುವುದು ಈ ಜನರನ್ನು ಲೆಕ್ಕದಿಂದ ಬಿಟ್ಟ ಮೇಲೆ. ಕ್ಯಾಥರರ ಕಾದಂಬರಿಗಳಲ್ಲಿಯೂ ಅವರು ಬಹುಮಟ್ಟಿಗೆ ಹೊರಗೇ ಉಳಿದರು. ಆದ್ದರಿಂದ ಈ ನೆಲ ಬರಿದಾದದ್ದು ಒಂದು ಸಲವಲ್ಲ, ಎರಡು ಸಲ: ಮೊದಲು ಒಪ್ಪಂದದ ಕಾಗದದಿಂದ, ಆಮೇಲೆ ಯಂತ್ರದಿಂದ. ಎರಡನೆಯದರ ಲೆಕ್ಕ ಮಾತ್ರ ನಮ್ಮ ಕೈಗೆ ಸುಲಭವಾಗಿ ಸಿಗುತ್ತದೆ.

ರೆಡ್ ಕ್ಲೌಡ್‌ನಲ್ಲಿ 2017ರಲ್ಲಿ ಕ್ಯಾಥರರ ಹೆಸರಿನ ರಾಷ್ಟ್ರೀಯ ಕೇಂದ್ರ ತೆರೆಯಿತು. 2023ರಲ್ಲಿ ಅವರ ಪ್ರತಿಮೆ ವಾಷಿಂಗ್ಟನ್ನಿನ ಸಂಸತ್ ಭವನವನ್ನು ಸೇರಿತು. ಪಟ್ಟಣದ ದಕ್ಷಿಣಕ್ಕೆ 600 ಎಕರೆಗೂ ಹೆಚ್ಚಿನ ಹುಲ್ಲುಗಾವಲನ್ನು ಅವರ ಹೆಸರಿನಲ್ಲಿ ಕಾಪಾಡಿದ್ದಾರೆ. ಓದುಗರು ದೂರದೂರದಿಂದ ಬಂದು ನೋಡುತ್ತಾರೆ. ಹಾಗೆಂದು ಊರಿಗೆ ಜನ ಮರಳಿದರೆಂದು ಹೇಳುವಂತಿಲ್ಲ. ಒಂದು ಪುಸ್ತಕ ಒಕ್ಕಲನ್ನು ಹೊಲದಲ್ಲಿ ಉಳಿಸಲಾರದು; ಆ ಭಾರವನ್ನು ಅದರ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ಅಲ್ಲಿ ಯಾರು ಇದ್ದರು ಎಂಬುದನ್ನು ಅದು ಉಳಿಸೀತು. ಯಾರನ್ನು ಅದು ಉಳಿಸಲಿಲ್ಲವೋ ಅವರನ್ನು ಹುಡುಕಿ ಕೇಳುವ ಕೆಲಸ ಓದುವವರ ಪಾಲಿನದು.