ತುಂಡಾದ ಬೆರಳಿಗೆ ಮತ್ತೆ ಜೀವ



ಮದ್ದೂರು ತಾಲ್ಲೂಕಿನ ಶಿವಪುರವೆಂದೊಡನೆ ನಿಮಗೆ 1938ರ ಧ್ವಜ ಸತ್ಯಾಗ್ರಹ ನೆನಪಾಗುತ್ತದೆ. ಆ ಊರಿನ ಸುತ್ತಮುತ್ತಲದು ಕಬ್ಬಿನ ಸೀಮೆ. ಕಬ್ಬು ಕಡಿಯುವ ಮಚ್ಚು, ಮೇವು ಕತ್ತರಿಸುವ ಯಂತ್ರ, ಆಲೆಮನೆಯ ಗಾಣ ಇವುಗಳ ನಡುವೆ ದುಡಿಯುವವರ ಕೈಗೆ ಅಪಾಯ ತಪ್ಪಿದ್ದಲ್ಲ. ತುಂಡಾದ ಬೆರಳು ಹೋದಂತೆಯೇ ಎಂದು ಹಿಂದೆ ಭಾವಿಸುತ್ತಿದ್ದರು. ಇಂದು ಅದನ್ನು ಮತ್ತೆ ಜೋಡಿಸುವ ಸಾಧ್ಯತೆಯಿದೆ.

ಆದರೆ ಚರ್ಮವನ್ನು ಹೊಲಿದರಷ್ಟೇ ಸಾಲದು. ಬೆರಳಿಗೆ ರಕ್ತ ಹರಿಯಬೇಕು. ಬೆರಳಿನ ಅಪಧಮನಿಯ ವ್ಯಾಸ ಸುಮಾರು 1 ಮಿಲಿಮೀಟರ್ ಮಾತ್ರ! ರಕ್ತನಾಳದ ದುಂಡು ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ, ಎಳೆದು ತ್ರಿಕೋನವಾಗಿಸಿ ಜೋಡಿಸುವ ಕ್ರಮವನ್ನು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ 1902ರಲ್ಲಿ ಪ್ರಕಟಿಸಿದರು. 1912ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1960ರಲ್ಲಿ ಅಮೆರಿಕದ ಜೇಕಬ್ಸನ್ ಮತ್ತು ಸ್ವಾರೆಜ್ ಈ ಕೆಲಸಕ್ಕೆ ಸೂಕ್ಷ್ಮದರ್ಶಕವನ್ನು ಬಳಸಿದರು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಜೋಡಿಸಿ ಯಶಸ್ವಿಯಾದರು.

ಶಸ್ತ್ರವೈದ್ಯರು ಮೊದಲು ಮೂಳೆಯನ್ನು ತಂತಿಯಿಂದ ನಿಲ್ಲಿಸಿ, ಸ್ನಾಯುರಜ್ಜುಗಳನ್ನು ಹೊಲಿಯುತ್ತಾರೆ. ಬಳಿಕ ರಕ್ತನಾಳದ ಜಜ್ಜಿದ ತುದಿಗಳನ್ನು ಕತ್ತರಿಸಿ, ಸಣ್ಣ ಚಿಮಟಗಳಿಂದ ಹಿಡಿದು, ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಸುಮಾರು ಎಂಟು ಹೊಲಿಗೆ ಹಾಕುತ್ತಾರೆ. ಒಳಪದರಕ್ಕೆ ಒಳಪದರವೇ ಕೂಡಬೇಕು. ಇಲ್ಲವಾದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಗೋಡೆಗೆ ಹಾಕಿದ ಸೂಜಿ ಹಿಂದಿನ ಗೋಡೆಗೂ ಸಿಕ್ಕಿಕೊಂಡರೆ ದಾರಿಯೇ ಮುಚ್ಚಿಹೋಗುತ್ತದೆ. ಚಿಮಟ ಸಡಿಲಿಸಿದಾಗ ಬಿಳಿಚಿದ್ದ ಬೆರಳಿಗೆ ಕೆಂಪು ಬರುತ್ತದೆ. ರಕ್ತ ಹಿಂದಿರುಗಲು ಅಭಿಧಮನಿಗಳನ್ನೂ, ಸ್ಪರ್ಶ ತಿಳಿಯಲು ನರಗಳನ್ನೂ ಜೋಡಿಸಬೇಕು.

ಎಲ್ಲ ಬೆರಳೂ ಉಳಿಯುವುದಿಲ್ಲ. ಮಚ್ಚಿನಿಂದ ನೇರವಾಗಿ ತುಂಡಾದುದನ್ನು ಜೋಡಿಸುವುದು ಸುಲಭ; ಗಾಣದಲ್ಲಿ ಅರೆದುಹೋದುದನ್ನು ಜೋಡಿಸುವುದು ಬಹಳ ಕಷ್ಟ. ಕಾಲವೂ ಮುಖ್ಯ. ತಂಪಾಗಿಡದ ಬೆರಳು 12 ಗಂಟೆ ಮೀರಿದರೆ ಉಳಿಯುವುದು ಕಷ್ಟ. ತಂಪಾಗಿಟ್ಟರೆ 24 ಗಂಟೆಯವರೆಗೂ ಆಸೆಯುಂಟು. ಮಾಂಸಖಂಡ ಹೆಚ್ಚಿರುವ ತೋಳಿಗೆ 6 ಗಂಟೆಯಷ್ಟೇ ಅವಕಾಶ.

ಆದ್ದರಿಂದ ಇದನ್ನು ನೆನಪಿಡಿ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿಹಿಡಿದು ಕೈಯನ್ನು ಮೇಲೆತ್ತಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಿದರೆ ಜೀವಕೋಶಗಳು ಸಾಯುತ್ತವೆ. ಕೂಡಲೇ 108ಕ್ಕೆ ಕರೆಮಾಡಿ. ಮೈಕ್ರೋಸರ್ಜರಿ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ವೈದ್ಯರನ್ನು ಕೇಳಿ.

ಈ ವಿಷಯವನ್ನು ನಿಮ್ಮ ಮನೆಯಲ್ಲಿ, ಗದ್ದೆಯಲ್ಲಿ, ಆಲೆಮನೆಯಲ್ಲಿ ದುಡಿಯುವವರಿಗೂ ತಿಳಿಸಿ.