ಹಳೆಯ ಆಸ್ಟಿನ್ ಸೆವೆನ್ನೂ ಬಡವರ ಪಂದ್ಯವೂ



ಹಗ್ಗದ ವಿಭಾಗದ ಕೋಣಗಳನ್ನು ನೇಗಿಲಿನ ವಿಭಾಗದ ಕೋಣಗಳೊಡನೆ ಓಡಿಸುವುದಿಲ್ಲವೆಂಬುದನ್ನೂ, ಆ ಒಂದೊಂದು ವಿಭಾಗದಲ್ಲಿಯೂ ಹಿರಿಯ ಕಿರಿಯವೆಂಬ ಭೇದವುಂಟೆಂಬುದನ್ನೂ ತುಳುನಾಡಿನ ಕಂಬಳವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರು ಪಂದ್ಯದಲ್ಲಿ ‘ವರ್ಗ’ವೆಂದು ಕರೆಯುವುದೂ ಇಂಥದೇ ಏರ್ಪಾಡು. ಎಂಜಿನಿನ ಗಾತ್ರವನ್ನು ಘನ ಸೆಂಟಿಮೀಟರುಗಳಲ್ಲಿ ಅಳೆದು, ಸಮಾನಸ್ಕಂಧರನ್ನು ಮಾತ್ರ ಒಂದು ಕಣದಲ್ಲಿ ನಿಲ್ಲಿಸುವ ಈ ಕಟ್ಟುಪಾಡು ಇಲ್ಲದೆ ಹೋಗಿದ್ದರೆ, ಸಂಬಳದಲ್ಲಿ ಉಳಿದ ಪುಡಿಗಾಸಿನಿಂದ ಪಂದ್ಯವಾಡಲು ಬಯಸುವ ಗುಮಾಸ್ತನಿಗೂ ವಿದ್ಯಾರ್ಥಿಗೂ ಬೇಲಿಯ ಹೊರಗೆ ನಿಂತು ನೋಡುವುದೊಂದೇ ಗತಿಯಾಗುತ್ತಿತ್ತು. ಆ ಬೇಲಿಯನ್ನು ದಾಟಿಸಿದ ಒಂದು ಪುಟ್ಟ ಇಂಗ್ಲಿಷ್ ಕಾರಿನ ವೃತ್ತಾಂತವನ್ನು ಈ ಹೊತ್ತು ನಿವೇದಿಸುತ್ತೇನೆ.

1922ರಲ್ಲಿ ಹೊರಬಂದ ಆಸ್ಟಿನ್ ಸೆವೆನ್ ಪಂದ್ಯಕ್ಕಾಗಿ ಹುಟ್ಟಿದ ಬಂಡಿಯಲ್ಲ. ಮೋಟಾರು ಸೈಕಲ್ಲಿಗೆ ಪಕ್ಕದ ತೊಟ್ಟಿಯನ್ನು ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿದ್ದ ಸಂಸಾರಿಗನಿಗೆ ಸೂರುಳ್ಳ ನಾಲ್ಕು ಚಕ್ರಗಳ ವಾಹನವನ್ನು ಕೊಡಬೇಕೆಂದು ಹರ್ಬರ್ಟ್ ಆಸ್ಟಿನ್ ಸಂಕಲ್ಪಿಸಿದಾಗ, ಆತನ ಕಂಪೆನಿಯ ನಿರ್ದೇಶಕರೇ ಮುಖ ಸಿಂಡರಿಸಿದರು. ಆಸ್ಟಿನ್ ಹಿಂಜರಿಯದೆ, ಬರ್ಮಿಂಗ್‌ಹ್ಯಾಮಿನ ಸಮೀಪದ ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ, ಸ್ಟ್ಯಾನ್ಲಿ ಎಡ್ಜ್ ಎಂಬ 18 ವರ್ಷದ ನಕ್ಷೆಗಾರನನ್ನು ಕೂರಿಸಿ ನಕ್ಷೆ ಬರೆಯಿಸಿದನು. ಮೊದಲು 696 ಘನ ಸೆಂಟಿಮೀಟರು ಇದ್ದ ಎಂಜಿನಿನ ಗಾತ್ರವು ಅಲ್ಪಕಾಲದಲ್ಲಿಯೇ 747ಕ್ಕೆ ಏರಿತು. ಆ ಕಾಲದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ‘ಎಚ್’ ವರ್ಗದ ಮೇಲ್ಮಿತಿಯು 750 ಆಗಿತ್ತೆಂಬುದನ್ನು ನೆನೆದರೆ, ಈ ಅಂಕಿಯ ಭಾಗ್ಯವು ಅರಿವಾದೀತು. 1923ರಲ್ಲಿ ಆಸ್ಟಿನ್ನನ ಅಳಿಯನಾದ ಆರ್ಥರ್ ವೇಟ್ ಇಟಲಿಯ ಮೊಂಜಾದಲ್ಲಿ ಕಿರುಬಂಡಿಗಳ ಪಂದ್ಯವನ್ನು ಗೆದ್ದು ಬಂದನು. 1929ರ ಅಲ್‌ಸ್ಟರ್ ಪಂದ್ಯದಲ್ಲಿ ಈ ಬಂಡಿಗಳು ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆದವು. ಆದರೆ ಇವೆಲ್ಲ ಕಾರ್ಖಾನೆಯ ಪ್ರತಾಪಗಳು. ಬಡವನ ಕಥೆ ಇನ್ನೂ ಆರಂಭವಾಗಿರಲಿಲ್ಲ.

ಅದು ಆರಂಭವಾದದ್ದು ಬಂಡಿಯ ಆಯುಸ್ಸು ಮುಗಿಯುತ್ತ ಬಂದಾಗ. 1939ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು 2,90,000 ಬಂಡಿಗಳು ಹೊರಬಿದ್ದಿದ್ದುವು. ಅದೇ ವರ್ಷ ಪತ್ರಿಕಾಕರ್ತನಾದ ಬಿಲ್ ಬಾಡಿಯ ಪ್ರೇರಣೆಯಿಂದ 750 ಕ್ಲಬ್ ಸ್ಥಾಪಿತವಾಯಿತು. ಯುದ್ಧವು ಮುಗಿದು, ಬ್ರೂಕ್‌ಲ್ಯಾಂಡ್ಸಿನ ಹಳೆಯ ಪಥವು ಪಂದ್ಯಕ್ಕೆ ಶಾಶ್ವತವಾಗಿ ಮುಚ್ಚಿಹೋಗಿದ್ದರೂ, ಸಿಲ್ವರ್‌ಸ್ಟೋನಿನಂಥ ಪಾಳು ವಿಮಾನನಿಲ್ದಾಣಗಳು ಪಂದ್ಯಕ್ಕೆ ತೆರೆದುಕೊಂಡುವು. ಗುಜರಿ ಅಂಗಡಿಗಳಲ್ಲಿ ಮುದಿ ಸೆವೆನ್ನುಗಳು ಅಗ್ಗವಾಗಿ ಬಿದ್ದಿದ್ದುವು. ಈ ಎರಡನ್ನೂ ಗಂಟುಹಾಕಿದ್ದು 750 ಸೂತ್ರವೆಂಬ ನಿಯಮಾವಳಿ: ಚಾಸಿ ಆಸ್ಟಿನ್ನಿನದಾಗಿರಬೇಕು, ಎಂಜಿನು ಆಸ್ಟಿನ್ನಿನದಾಗಿರಬೇಕು, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರು ಕೂಡದು; ಮಿಕ್ಕುದು ಕೈಗುಣಕ್ಕೆ ಬಿಟ್ಟದ್ದು.

ಆಯ್ಕೆಯಲ್ಲಿಯೇ ಅರ್ಧ ಪಂದ್ಯ ಅಡಗಿತ್ತು. ಬಂಡಿಯ ಬಣ್ಣ ಮಾಸಿದ್ದರೂ, ಬಾಗಿಲು ಮುರಿದಿದ್ದರೂ ಜಾಣನು ಚಿಂತಿಸುತ್ತಿರಲಿಲ್ಲ, ಏಕೆಂದರೆ ಮೈಯನ್ನು ಹೇಗೂ ಕಿತ್ತೆಸೆಯುವುದೇ. ಆತನು ಮಂಡಿಯೂರಿ ನೋಡುತ್ತಿದ್ದುದು ಚಾಸಿಗೆ ತುಕ್ಕು ಹಿಡಿದಿದೆಯೋ, ಹಿಂದಿನ ಅಚ್ಚು ಸೊಟ್ಟಗಾಗಿದೆಯೋ ಎಂಬುದನ್ನು. ಎಂಜಿನಿನ ಪ್ರಾಣವಾದ ಕ್ರ್ಯಾಂಕು ಹೆಚ್ಚಿನ ಬಂಡಿಗಳಲ್ಲಿ ಎರಡೇ ಬೇರಿಂಗುಗಳ ಮೇಲೆ ತಿರುಗುತ್ತಿದ್ದುದರಿಂದ, ವೇಗ ಏರಿದಂತೆ ನಡುವು ಬಳುಕಿ ಕಡೆಗೊಮ್ಮೆ ಮುರಿಯುವುದು ಅದರ ಪ್ರಾರಬ್ಧವಾಗಿತ್ತು. ಮೂರನೆಯ ಬೇರಿಂಗು ಬಂದದ್ದು 1936ರಿಂದೀಚೆಗೆ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಬೆರಳ ಗೆಣ್ಣಿನಿಂದ ತಟ್ಟಿ ನೋಡುವಂತೆ, ಅನುಭವಿಗಳು ಕ್ರ್ಯಾಂಕನ್ನು ತೂಗುಹಾಕಿ ಮೆಲ್ಲನೆ ಬಡಿದು ಕಿವಿಗೊಡುತ್ತಿದ್ದರು: ಗಂಟೆಯಂತೆ ಅನುರಣಿಸಿದರೆ ಲೇಸು, ಮಂಕಾಗಿ ನುಡಿದರೆ ಒಳಗೆ ಬಿರುಕು.

ಶ್ರುತಿಗೊಳಿಸುವ ಕ್ರಮದಲ್ಲಿ ನವಸಿಖರು ಎಂಜಿನಿಗೇ ಮೊದಲು ಕೈಹಾಕುತ್ತಿದ್ದರು; ಅದು ಅವಿವೇಕವೆಂದು ನನ್ನ ಮತ. 1930ಕ್ಕೆ ಮುಂಚಿನ ಬಂಡಿಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳನ್ನೂ ಕೈಯ ಬ್ರೇಕು ಮುಂದಿನ ಚಕ್ರಗಳನ್ನೂ ಹಿಡಿಯುತ್ತಿದ್ದುವು, ಮತ್ತು ಎರಡೂ ಹಿಡಿದಾಗಲೂ ಬಂಡಿ ನಿಂತೇ ತೀರುವುದೆಂಬ ಭರವಸೆ ಇರಲಿಲ್ಲ. ಇದರ ಮೇಲೆ, ತಿರುವಿನಲ್ಲಿ ಬಂಡಿಯ ಮೈ ಒಂದು ಕಡೆಗೆ ವಾಲಿದಾಗ, ಹಿಂದಿನ ಕಮಾನುಪಟ್ಟಿಗಳ ರಚನೆಯ ದೆಸೆಯಿಂದ ಹಿಂಬದಿಯ ಅಚ್ಚು ತಾನೇ ಓರೆಯಾಗಿ, ಚಾಲಕನು ಒಂದು ದಿಕ್ಕಿಗೆ ತಿರುಗಿಸಿದರೆ ಹಿಂದಿನ ಚಕ್ರಗಳು ತಮ್ಮದೇ ಅಭಿಪ್ರಾಯವನ್ನು ಸೂಚಿಸುತ್ತಿದ್ದುವು. ಪಟ್ಟಿಗಳ ಕಮಾನನ್ನು ಇಳಿಸಿ, ಬಂಡಿಯನ್ನು ನೆಲಕ್ಕೆ ತಗ್ಗಿಸಿದ ಬಳಿಕವೇ ಎಂಜಿನಿನ ಸರದಿ. ಅಲ್ಲಿ ಮಾಡುತ್ತಿದ್ದುದು ಬಲ್ಲ ಕೈಗಳಿಗೆ ಸಾಮಾನ್ಯವಾದ ಕೆಲಸ: ಸಿಲಿಂಡರಿನ ಮುಚ್ಚಳದ ತಳವನ್ನು ತುರಿದು ಒತ್ತಡವನ್ನು ಹೆಚ್ಚಿಸುವುದು, ಹೊಗೆ ಗಾಳಿಗಳ ಹಾದಿಯನ್ನು ಉಜ್ಜಿ ನಯಗೊಳಿಸುವುದು, ವಾಲ್ವುಗಳಿಗೆ ಜೋಡಿ ಸ್ಪ್ರಿಂಗು, ದೊಡ್ಡ ಕಾರ್ಬ್ಯುರೇಟರು, ಹಗುರವಾದ ಫ್ಲೈವೀಲು. ಮೂಲದಲ್ಲಿ 2,400 ಸುತ್ತಿಗೆ 10.5 ಅಶ್ವಶಕ್ತಿಯನ್ನು ಕೊಡುತ್ತಿದ್ದ ಯಂತ್ರದಿಂದ ಹೀಗೆ ಅದರ ಇಮ್ಮಡಿಯನ್ನೂ ಮೀರಿ ಕರೆಯುತ್ತಿದ್ದರು.

ಇವರ ನಡುವೆ ಬಂದವನು, ಲೋಟಸ್ ಎಂಬ ಹೆಸರಿನ ಬಂಡಿಗಳನ್ನು ಕಟ್ಟುತ್ತಿದ್ದ ಕಾಲಿನ್ ಚಾಪ್ಮನ್. ಸೆವೆನ್ನಿನ ಎಂಜಿನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಉಸಿರೆಳೆಯಲು ಒಂದೊಂದೇ ದ್ವಾರ. ಉರಿಯುವ ಸರದಿಯಲ್ಲಿ ಈ ನೆರೆಹೊರೆಯವರು ಒಬ್ಬರ ಹಿಂದೆ ಒಬ್ಬರು ಬರುವುದರಿಂದ, ಒಂದೇ ಎಲೆಗೆ ಕೂತ ಅಣ್ಣತಮ್ಮಂದಿರಂತೆ, ಒಬ್ಬನ ಪಾಲನ್ನು ಇನ್ನೊಬ್ಬನು ಕಸಿಯುತ್ತಿದ್ದನು. 1951ರಲ್ಲಿ ಚಾಪ್ಮನ್ ಆ ದ್ವಾರದೊಳಗೆ ಒಂದು ಅಡ್ಡಗೋಡೆಯನ್ನು ಕೂರಿಸಿ, ಇಬ್ಬರಿಗೂ ಬೇರೆ ಬೇರೆ ಎಲೆ ಹಾಕಿಬಿಟ್ಟನು. ಅವನ ಮೂರನೆಯ ಲೋಟಸ್ ಬಂಡಿಯು ಆ ಋತುವಿನಲ್ಲಿ ಉಳಿದವರನ್ನು ಬಹುದೂರ ಹಿಂದಿಕ್ಕಿತು. ನಿಯಮದ ಯಾವ ಅಕ್ಷರವನ್ನೂ ಆತ ಮುರಿದಿರಲಿಲ್ಲ. ಆದುದರಿಂದ ಕ್ಲಬ್ಬಿನವರು ನಿಯಮಕ್ಕೇ ಒಂದು ಅಕ್ಷರವನ್ನು ಕೂಡಿಸಿ ಆ ಉಪಾಯವನ್ನು ನಿಷೇಧಿಸಿದರು. ನನಗೆ ಈ ಪ್ರಸಂಗದಲ್ಲಿ ಇಬ್ಬರ ಮೇಲೆಯೂ ಗೌರವವೇ ಹುಟ್ಟುತ್ತದೆ. ಅಡ್ಡಗೋಡೆಗಳೆಲ್ಲ ಉಳಿದಿದ್ದರೆ ಮರುವರ್ಷ ಗುಮಾಸ್ತನು ಮತ್ತೆ ಬೇಲಿಯ ಹೊರಗೆ ನಿಂತಿರುತ್ತಿದ್ದನು.

ಈ ಗುಜರಿ ಬಂಡಿಯ ಗುರುಕುಲದಲ್ಲಿ ಕಲಿತವರು ಅವನೊಬ್ಬನೇ ಅಲ್ಲ. ಮುಂದೆ ಮಿನಿ ಕಾರನ್ನು ನಿರ್ಮಿಸಿದ ಇಸಿಗೋನಿಸ್, ತಾರುಣ್ಯದಲ್ಲಿ ಸೆವೆನ್ನಿನ ಭಾಗಗಳಿಂದ ರಬ್ಬರಿನ ಸ್ಪ್ರಿಂಗುಳ್ಳ ಹಗುರವಾದ ಬಂಡಿಯೊಂದನ್ನು ಕಟ್ಟಿದ್ದನು. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಹದಿಹರೆಯದಲ್ಲಿ ಮೊದಲ ಬಾರಿಗೆ ಪಂದ್ಯಕ್ಕಿಳಿದುದು ತಂದೆ ಕೊಂಡು ತಂದಿದ್ದ ಹಳೆಯ ಅಲ್‌ಸ್ಟರ್ ಮಾದರಿಯ ಸೆವೆನ್ನಿನಲ್ಲಿಯೇ. ನಮ್ಮಲ್ಲಿಯೂ ಮದರಾಸಿನ ಹೊರವಲಯದ ಶೋಳಾವರಂ ಎಂಬ ಯುದ್ಧಕಾಲದ ವಿಮಾನಪಥದಲ್ಲಿ, ಬೆಂಗಳೂರಿನಿಂದ ಹೋದವರೂ ಸೇರಿದಂತೆ, ಅನೇಕರು ಮನೆಮಂದಿಯ ಫಿಯಟ್ 1100 ಕಾರುಗಳನ್ನೇ ತುರಿದು ಉಜ್ಜಿ ಓಡಿಸಿದುದುಂಟು.

ಕಾಲಕ್ರಮೇಣ ಸೆವೆನ್ನುಗಳು ಪ್ರಾಚೀನ ವಸ್ತುಗಳಾಗಿ, ಬೆಲೆ ಏರಿ, ಗುಜರಿಯಲ್ಲಿ ಸಿಗದಾದುವು. ಅಗ್ಗದ ಬಂಡಿಯೇ ದುಬಾರಿಯಾದ ಮೇಲೆ ಕ್ಲಬ್ಬಿನವರು ರಿಲಯಂಟ್ ಎಂಬ ಮೂರು ಚಕ್ರದ ವಾಹನದ ಅಲ್ಯೂಮಿನಿಯಮ್ ಎಂಜಿನನ್ನು ಅಂಗೀಕರಿಸಿದರು. ಆ ಕಂಪೆನಿಯಾದರೋ ಅದಕ್ಕೆ ಮುಂಚೆ ಬಹುಕಾಲ ಸೆವೆನ್ನಿನ ಎಂಜಿನಿನ ಪ್ರತಿಕೃತಿಯನ್ನೇ ಎರಕ ಹೊಯ್ದು ಬಳಸುತ್ತಿತ್ತು. ರಿಲಯಂಟಿನ ತರುವಾಯ ಫಿಯಟ್ಟಿನ 1108 ಘನ ಸೆಂಟಿಮೀಟರಿನ ಎಂಜಿನು ಬಂದಿತು. ಪಂದ್ಯದ ಹೆಸರು ಮಾತ್ರ 750 ಆಗಿಯೇ ನಿಂತಿತು.